ಚಾಂದನಿಗೆ ಕುಡಿಸಿದ ಗಿಣ್ಣದ ಹಾಲು

ಊರ ಬಾಯಿಗೆ ಬೀಗ ಹಾಕಿದವರು ಯಾರು? ನಿಜಾಮರ ಸರಕಾರ ಇದ್ದ ಕಾಲ. ಜನವಾಡದ ಕಟ್ಟೆಯ ಮೇಲೆ ಕೂತವರಿಗೆ ಆ ವರ್ಷ ಒಂದೇ ಮಾತು. ಬೀದರಿನ ಚಿದ್ರಿ ಕಡೆ ತಬ್ಬಲಿ ಆನೆಮರಿಗಳನ್ನು ತಂದು ಕಟ್ಟಿದ್ದಾರಂತೆ, ಅವುಗಳ ಹೊಟ್ಟೆಗೆ ಹಾಕುವುದು ಬರೀ ಗಂಜಿಯಂತೆ.

"ಆನಿ ಹೊಟ್ಟಿಗಿ ಅರೆಕಾಸಿನ ಮಜ್ಜಗಿ ಅಂತಾರಲ್ಲ, ಹಂಗಾತು ನೋಡ್ರಿ" ಎಂದ ಹಾವಗೆಪ್ಪ. "ಸರಕಾರ ಕೊಟ್ಟ ಹಾಲು ಮಾವುತನ ಮಕ್ಕಳು ಕುಡೀತಾವ. ಮರಿಗೋಳಿಗಿ ಗಂಜಿ!"

ಮಾವುತ ಮಕ್ಬೂಲನಿಗೆ ಮಕ್ಕಳೇ ಇರಲಿಲ್ಲ. ಅದು ಕಟ್ಟೆಗೆ ಗೊತ್ತಿರಲಿಲ್ಲ. ಹಾವಗೆಪ್ಪ ಆ ಮರಿಗಳನ್ನು ಕಣ್ಣಿಂದ ನೋಡಿದವನೂ ಅಲ್ಲ. ಆದರೇನು, ಕಟ್ಟೆಯ ಮೇಲೆ ನೋಡಿದವನಿಗಿಂತ ನೋಡದವನ ಮಾತಿಗೇ ತೂಕ ಹೆಚ್ಚು.

ನೋಡಿದ್ದವಳು ಅವನ ತಾಯಿ ರುಕ್ಮಿಣಿಬಾಯಿ. ಸಂತೆಗೆ ಬೆಣ್ಣೆ ಒಯ್ಯುವಾಗೆಲ್ಲ ಅವಳು ಚಿದ್ರಿಯಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ಬೇವಿನ ಮರದ ಕೆಳಗೆ ತಗಡಿನ ಚಪ್ಪರ. ಒಳಗೆ ಎರಡು ಮರಿಗಳು. ದೊಡ್ಡದು ಮೋತಿ, ಸಣ್ಣದು ಚಾಂದ. ಸರಕಾರದ ಸಾಮಾನು ಹೊರುತ್ತಿದ್ದ ಚಾಂದನ ತಾಯಿ ಔರಾದ ದಾರಿಯಲ್ಲಿ, ಡಾಬಕಾ ಹತ್ತಿರ ಬಿದ್ದು ಸತ್ತಿತ್ತು. ತಾಯಿಯ ಹೊಟ್ಟೆಗೆ ಸೊಂಡಿಲು ಒತ್ತಿಕೊಂಡು ನಿಂತಿದ್ದ ಮರಿಯನ್ನು ಬಿಡಿಸಿ, ಬಂಡಿಯಲ್ಲಿ ಹಾಕಿಕೊಂಡು ಬಂದವನು ಮಕ್ಬೂಲ. ಸಾಕುತ್ತಿದ್ದವಳು ಅವನ ಹೆಂಡತಿ ಮುನವ್ವರ ಬೇಗಂ.

ಸಾಕುವುದೆಂದರೆ ಹುಡುಗಾಟವಲ್ಲ. ಬೆಳಕು ಹರಿಯುವ ಮೊದಲೇ ಮುನವ್ವರ ಅಕ್ಕಿ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಕೊಬ್ಬರಿ ಅರೆದು ಹಿಂಡಿದ ಹಾಲು ಬೆರೆಸುತ್ತಿದ್ದಳು. ಹಗ್ಗಕ್ಕೆ ಒಂದು ಕರಿ ಕಂಬಳಿ ಜೋತು ಬಿಟ್ಟಿರುತ್ತಿದ್ದಳು. ಅದೇ ಚಾಂದನ ತಾಯಿ. ಕಂಬಳಿಗೆ ಸೊಂಡಿಲು ಆನಿಸದ ಹೊರತು ಮರಿ ಬಿದಿರಿನ ನಳಿಗೆಗೆ ಬಾಯಿ ಕೊಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ, ದಿನವಿಡೀ ಕುಡಿಸಬೇಕು. ಬಿಸಿಲೇರಿದರೆ ಕೆಂಪು ಮಣ್ಣಿನ ರಾಡಿ ಮೈಗೆ ಹಚ್ಚಬೇಕು, ಇಲ್ಲದಿದ್ದರೆ ಎಳೆ ಚರ್ಮ ಸುಲಿಯುತ್ತದೆ. ತಂಪು ಹೊತ್ತಿಗೆ ಕೌದಿ ಹೊದಿಸಿ, ಪಕ್ಕದಲ್ಲಿ ಮನುಷ್ಯರು ಮಲಗಬೇಕು. ಒಂಟಿ ಬಿಟ್ಟರೆ ಅಳುತ್ತದೆ. ಆನೆಮರಿಯ ಅಳು ಕೇಳಿದವರಿಗೆ ಅನ್ನ ಇಳಿಯುವುದಿಲ್ಲ.

ರುಕ್ಮಿಣಿಬಾಯಿ ಗಂಜಿಯ ಪಾತ್ರೆಯೊಳಗೆ ಇಣುಕಿ ಮುಖ ಸಿಂಡರಿಸಿದಳು.

"ಇದೇನ ಮಗಳ, ಕಲಗಚ್ಚು ಇದ್ದಂಗ ಅದ. ಪಕ್ಕಡಿ ಎಲುಬು ಎಣಿಸಂಗ ಕಾಣಸ್ತಾವ ಮರೀದು. ಎಮ್ಮಿ ಹಾಲು ಹಾಕು. ನಾ ತಂದು ಕೊಡ್ತೇನಿ."

"ಬ್ಯಾಡ್ರಿ ಅವ್ವಾರ" ಎಂದಳು ಮುನವ್ವರ. "ಎಮ್ಮಿ ಹಾಲಿನ ಜಿಡ್ಡು ಇದರ ಕರುಳು ತಡಕೊಳ್ಳಂಗಿಲ್ರಿ. ಹೋದ ಸಾಲ ಒಂದು ಮರಿ ಹಂಗೇ ಹೋತು. ಹೊಟ್ಟಿ ಝಾಡಿಸಿ ಝಾಡಿಸಿ, ನೀರಿನಂಗ ಹರಿದು ಹೋತ್ರಿ."

"ಅದರ ನಸೀಬ ಇರಲಿಕ್ಕಿಲ್ಲ. ಹಾಲು ಯಾರಿಗರ ಕೆಟ್ಟ ಮಾಡ್ತದೇನು?"

ಹೀಗೆ ಕೇಳುವುದಕ್ಕೆ ಅವಳಿಗೆ ಕಾರಣ ಇತ್ತು. ಪ್ಲೇಗು ಬಂದ ವರ್ಷ ಹಾವಗೆಪ್ಪನ ಹೆಂಡತಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಕೈಗೂಸು ಲಲಿತಾಬಾಯಿಯನ್ನು ರುಕ್ಮಿಣಿಬಾಯಿ ಎಮ್ಮೆ ಹಾಲಿನ ಮೇಲೆಯೇ ಬೆಳೆಸಿದಳು. ಆ ಕೂಸು ಈಗ ಭಾಲ್ಕಿಯಲ್ಲಿ ಸಂಸಾರ ಮಾಡಿಕೊಂಡಿದೆ. ತಾಯಿಯಿಲ್ಲದ ಜೀವ ಉಳಿಯುವುದು ಹೇಗೆಂದು ತನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಅವಳು ನಂಬಿದ್ದಳು. ಉಳಿಸಿದ ಕೈ ಅದು, ನಂಬದೆ ಏನು ಮಾಡೀತು?

ಬರಬರುತ್ತಾ ಚಾಂದನಿಗೂ ಅವಳ ಗುರುತು ಹತ್ತಿತು. ಅವಳು ಬಂದರೆ ಓಡಿ ಬಂದು ಸೆರಗು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಆ ಚೀಪುವಿಕೆ ಅವಳ ಕರುಳಿಗೇ ಕೈ ಹಾಕುತ್ತಿತ್ತು. ಹಸಿದಿದೆ, ಇದು ಹಸಿದಿದೆ ಎಂದುಕೊಳ್ಳುತ್ತಲೇ ಊರಿಗೆ ಮರಳುತ್ತಿದ್ದಳು.

ಅಷ್ಟರಲ್ಲಿ ಮನೆಯ ಎಮ್ಮೆ ಈಯಿತು. ಅವರ ಮನೆಯಲ್ಲಿ ಒಂದು ಪದ್ಧತಿ. ಎಮ್ಮೆಯ ಕರು ಕುಡಿದು ಉಳಿದ ಮೊದಲ ಗಿಣ್ಣವನ್ನು ಮನೆಯವರು ನಾಲಿಗೆಗೆ ಹಚ್ಚುವಂತಿಲ್ಲ. ಅದು ಮೊದಲು ಹೊರಗಿನ ಒಂದು ಹಸಿದ ಜೀವಕ್ಕೆ ಸಲ್ಲಬೇಕು. ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದದ್ದು. ಯಾರಿಗೆ ಕೊಡಬೇಕೆಂದು ರುಕ್ಮಿಣಿಬಾಯಿ ಆ ಸಲ ಯೋಚಿಸಲೇ ಇಲ್ಲ. ಕೊಡದ ತುಂಬ ಗಟ್ಟಿ ಹಳದಿ ಹಾಲು ತುಂಬಿಕೊಂಡು ನೆಟ್ಟಗೆ ಚಿದ್ರಿಗೆ ನಡೆದಳು.

ಅವತ್ತು ಮಕ್ಬೂಲನಿಗೆ ಜ್ವರ. ಮುನವ್ವರ ಅವನನ್ನು ಹಕೀಮರ ಬಳಿ ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲಿ ಕಾವಲಿಗೆ ಪಂಢರಿ ಒಬ್ಬನೇ.

"ಭಾಬಿ ಹೇಳ್ಯಾರ, ಯಾರನ್ನೂ ಒಳಗ ಬಿಡಬ್ಯಾಡ ಅಂತ" ಎಂದ ಪಂಢರಿ.

"ಮೊದಲ ಗಿಣ್ಣ ಅದಪಾ. ಗಣಪ್ಪಗ ಬಂದದ್ದು ನೀ ತಡೀತಿ?"

ಪಂಢರಿ ಕೊಡಕ್ಕೆ ಕೈಮುಗಿದು ಪಕ್ಕಕ್ಕೆ ಸರಿದ.

ಚಾಂದ ಕುಡಿಯಿತು. ಕಂಬಳಿಗೆ ಸೊಂಡಿಲು ಆನಿಸಿ, ನಳಿಗೆ ಬಿಡದೆ, ಕಣ್ಣು ಮುಚ್ಚಿಕೊಂಡು, ಕೊಡ ಬರಿದಾಗುವವರೆಗೂ ಕುಡಿಯಿತು. ಆಮೇಲೆ ರುಕ್ಮಿಣಿಬಾಯಿಯ ಮಡಿಲಲ್ಲಿ ಸೊಂಡಿಲು ಚಾಚಿ ಮಲಗಿಬಿಟ್ಟಿತು. ಅಷ್ಟು ಸಂತೋಷ ಅವಳಿಗೆ ಲಲಿತಾ ಮೊದಲ ಸಲ ನಕ್ಕಾಗಲೂ ಆಗಿರಲಿಲ್ಲ. "ಇವತ್ತ ಹೊಟ್ಟಿತುಂಬ ಉಂಡದ ನನ್ನ ಬಂಗಾರ" ಎಂದು ಮನೆಗೆ ಬಂದು ಮಗನ ಮುಂದೆ ಹೇಳಿ ಹೇಳಿ ನಕ್ಕಳು.

ಮರುದಿನ ತಡೆಯಲಾರದೆ ಮತ್ತೊಂದು ಕೊಡ ತುಂಬಿಕೊಂಡು ಹೋದಳು. ಚಪ್ಪರದ ಹೊರಗೇ ವಾಸನೆ ಬಡಿಯಿತು.

ಚಾಂದ ಅಡ್ಡ ಬಿದ್ದಿತ್ತು. ಹಿಂಗಾಲುಗಳೆಲ್ಲ ಬಿಳಿ ಭೇದಿ. ಕಣ್ಣುಗಳು ಒಳಗೆ ಇಳಿದಿದ್ದವು. ಮುನವ್ವರ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಿದರೆ ನಿದ್ದೆ ಕಂಡು ಎಷ್ಟು ಹೊತ್ತಾಯಿತೋ ಎನಿಸುತ್ತಿತ್ತು.

"ಅವ್ವಾರ, ಇದಕ್ಕ ಯಾರೋ ಏನೋ ಕೊಟ್ಟಾರ. ಏನು ಕೊಟ್ಟಾರ ಗೊತ್ತಾದ್ರ ದವಾ ಮಾಡಬಹುದಿತ್ರಿ. ಪಂಢರಿ ಬಾಯೇ ಬಿಡವಲ್ಲ."

ರುಕ್ಮಿಣಿಬಾಯಿಯ ಕೈಯಲ್ಲಿ ಕೊಡ ಇನ್ನೂ ಇತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನ ಕೊಟ್ಟೇನಿ ಮಗಳ. ಎಮ್ಮಿ ಗಿಣ್ಣ. ಕೊಡದ ತುಂಬ."

ಮುನವ್ವರ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಒಲಿ ಹಚ್ಚರಿ ಅವ್ವಾರ, ಜಲ್ದಿ. ಗಂಜಿ ತಿಳಿ ಮಾಡ್ರಿ, ಉಪ್ಪು ಹಾಕ್ರಿ" ಎಂದಳು ಅಷ್ಟೇ.

ಇಬ್ಬರೂ ಸೇರಿ ಗಂಜಿನೀರನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟರು. ಒಳಗೆ ಹೋದದ್ದೆಲ್ಲ ಹೊರಗೆ ಬಂತು. ಮಧ್ಯಾಹ್ನದ ಬಿಸಿಲು ಚಪ್ಪರದ ಮೇಲೆ ಕಾಯುತ್ತಿದ್ದಾಗ ಚಾಂದ ಸೊಂಡಿಲೆತ್ತಿ ರುಕ್ಮಿಣಿಬಾಯಿಯ ಸೆರಗು ಹುಡುಕಿತು. ಅವಳೇ ಸೆರಗನ್ನು ಅದರ ಬಾಯಿಗೆ ಕೊಟ್ಟಳು. ಚೀಪುವಷ್ಟು ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮೋತಿ ಬಂದು ಚಾಂದನ ಕಿವಿ ಹಿಡಿದು ಎಳೆಯಿತು. ಏಳಲಿಲ್ಲವೆಂದು ಮತ್ತೆ ಎಳೆಯಿತು. ರುಕ್ಮಿಣಿಬಾಯಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಊರಿಗೆ ಹೋಗಲಿಲ್ಲ. ಜ್ವರದಲ್ಲಿದ್ದ ಮಕ್ಬೂಲ ಎದ್ದು ಬರಲಾರದಾಗಿದ್ದ. ಹೆಂಗಸರಿಬ್ಬರೂ ಪಂಢರಿಯೂ, ಕರೆದು ತಂದ ಕೂಲಿಗಳೂ ಸೇರಿ ಬೇವಿನ ಆಚೆ ಕೆಂಪು ಮಣ್ಣು ಅಗೆದು ಮರಿಯನ್ನು ಮಣ್ಣು ಮಾಡಿದರು. ಆ ರಾತ್ರಿ ಮೋತಿ ಗಂಜಿ ಮುಟ್ಟಲಿಲ್ಲ.

ಕೆಟ್ಟ ಸುದ್ದಿಗೆ ಕಾಲು ನಾಲ್ಕು. ಆನೆಮರಿ ಹಸಿವಿನಿಂದ ಸತ್ತಿತೆಂದು ಜನವಾಡದ ತುಂಬ ಹಬ್ಬಿತು. ಮಾರನೆಯ ಬೆಳಿಗ್ಗೆ ಹಾವಗೆಪ್ಪ ಮುಂದೆ, ಊರವರು ಹಿಂದೆ. ಚಪ್ಪರದ ಬಾಗಿಲಿಗೆ ಬಂದು ನಿಂತರು. ತನ್ನ ತಾಯಿಯನ್ನು ಒಳಗೆ ಕಂಡರೂ ಹಾವಗೆಪ್ಪನ ಸಿಟ್ಟು ಇಳಿಯಲಿಲ್ಲ.

"ಎಲ್ಲಿದ್ದಾನ ಮಕ್ಬೂಲ? ಮರಿ ಉಪಾಸ ಕೆಡವಿ ಕೊಂದ್ರಿ! ನಡೀರಿ ತಹಶೀಲದಾರ ಸಾಹೇಬರ ಹಂತೇಕ. ಇವರ ನೌಕರಿ ಇವತ್ತೇ ಹೋಗಬೇಕು!"

ಪಂಢರಿ ತಲೆ ತಗ್ಗಿಸಿ ನಿಂತ. ಮುನವ್ವರ ರುಕ್ಮಿಣಿಬಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಅನ್ನ ಹೋಗುವ ಹೊತ್ತಿನಲ್ಲೂ ಮುದುಕಿಯ ಹೆಸರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು, ರುಕ್ಮಿಣಿಬಾಯಿಯ ಮಾನ ಉಳಿಯುತ್ತಿತ್ತು. ಆದರೆ ಮುದುಕಿ ಮಂಡಿ ಹಿಡಿದುಕೊಂಡು ಎದ್ದಳು.

"ಹಾವಗೆಪ್ಪಾ, ಒದರಬ್ಯಾಡ. ಮರೀಗಿ ಹಸಿವಿ ಕೊಂದಿಲ್ಲ. ನಿನ್ನ ಅವ್ವ ಕೊಂದಾಳ, ಗಿಣ್ಣದ ಹಾಲು ಕುಡಿಸಿ."

ಹಾವಗೆಪ್ಪ ತಾಯಿಯ ಹತ್ತಿರ ಬಂದ.

"ಏನಂತಿ ಯವ್ವಾ? ಹಾಲು ಕುಡದು ಯಾರರ ಸಾಯ್ತಾರೇನು? ನಮ್ಮ ಲಲಿತಾ ಅದೇ ಹಾಲಿನ ಮ್ಯಾಲ ಬದುಕಿಲ್ಲ?"

"ಲಲಿತಾ ಮನಷ್ಯಾರ ಕೂಸು ಅದಪಾ. ಇದು ಆನಿ ಕೂಸು. ಇದರ ತಾಯಿ ಹಾಲು ಬ್ಯಾರೆ, ಇದರ ಕರುಳು ಬ್ಯಾರೆ. ಮುನವ್ವರ ನನಗ ಹೇಳಿದ್ದಳು. ಕೈ ಜೋಡಿಸಿ ಹೇಳಿದ್ದಳು. ಕೂಸು ಬೆಳಿಸಿದಾಕಿ ನಾನು, ಇಕಿ ಹೇಳೂದೇನು ಅಂತ ಸೊಕ್ಕು ಮಾಡಿದೆ. ಇಕಿ ಕಳ್ಳಿ ಅಲ್ಲ. ಮರಿ ಬಾಜೂಕ ಮಲಗಿ ಮಲಗಿ ಇಕಿ ಬೆನ್ನು ಬಾಗ್ಯಾದ, ನೋಡ್ರಿ. ನೌಕರಿ ತಗಸ್ತಿ? ಯಾರು ಸಾಕ್ತಾರ ಮತ್ತ, ನೀ ಸಾಕ್ತಿ?"

ಗುಂಪಿನಲ್ಲಿದ್ದ ಶಾಲುಬಾಯಿ ಹಾಲಿನ ತಂಬಿಗೆಯನ್ನು ಸೆರಗಿನೊಳಗೆ ಸರಿಸಿದಳು. ಉಳಿದ ಮರಿಗಾದರೂ ಕೊಡೋಣವೆಂದು ತಂದಿದ್ದಳು ಪಾಪ.

"ಮುಚ್ಚಬ್ಯಾಡ ಶಾಲು, ನಿನ್ನ ತಪ್ಪಲ್ಲ ಅದು" ಎಂದಳು ರುಕ್ಮಿಣಿಬಾಯಿ. "ಮನಿಗಿ ಒಯ್ದು ನಿನ್ನ ಮಕ್ಕಳಿಗಿ ಕುಡಿಸು. ಇದಕ್ಕ ಕೊಡಬ್ಯಾಡ. ನನ್ನಂಗ ಆಗಬ್ಯಾಡ."

ಶಾಲುಬಾಯಿ ಕಣ್ಣೊರೆಸಿಕೊಂಡಳು. ಹಾವಗೆಪ್ಪ ಮುನವ್ವರಳ ಮುಂದೆ ಬಂದು ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾತ್ರಿ ಭಾಬಿ. ತಿಳೀಲಾರದೆ ಬಾಯಿ ಮಾಡಿದೆ. ಈಗ ಏನ ತರಬೇಕು ಹೇಳ್ರಿ."

"ಹಾಸಲಿಕ್ಕ ಒಣ ಹುಲ್ಲು ತರ್ರಿ, ಹಳೇ ಗೋಣಿಚೀಲ ತರ್ರಿ" ಎಂದಳು ಮುನವ್ವರ. "ಮಂದಿ ಗದ್ದಲ ಮಾಡಲಾರದಂಗ ನೋಡ್ಕೊಳ್ರಿ, ಮರಿ ಅಂಜತದ. ತಿನ್ನಲಿಕ್ಕ ಮಾತ್ರ ನನಗ ಕೇಳಲಾರದೆ ಏನೂ ಕೊಡಬ್ಯಾಡ್ರಿ."

ಊರವರು ಹೊರಟರು. ಹಾವಗೆಪ್ಪ ಹುಲ್ಲು ತರಲು ಬಂಡಿ ಹೂಡಿಸಿದ. ರುಕ್ಮಿಣಿಬಾಯಿ ಅಲ್ಲೇ ಉಳಿದಳು. ಮುನವ್ವರಳಿಂದ ಗಂಜಿ ಪಾತ್ರೆ ಇಸಿದುಕೊಂಡು, "ಎಷ್ಟು ಕೊಡಲಿ ಮಗಳ? ಹ್ಯಾಂಗ ಹಿಡೀಲಿ? ನೀ ಹೇಳು, ನಾ ಕಲೀತೇನಿ" ಎಂದಳು. ಮುನವ್ವರ ಅವಳ ಕೈ ಹಿಡಿದು ನಳಿಗೆ ಓರೆ ಮಾಡಿ ತೋರಿಸಿದಳು. ಮೋತಿ ಮುಖ ತಿರುಗಿಸಿತು. ಮತ್ತೆ ಹಿಡಿದರು, ಮತ್ತೆ ತಿರುಗಿಸಿತು. ಹೊತ್ತು ಇಳಿಯುವ ಸುಮಾರಿಗೆ ಒಂದು ಗುಟುಕು ಕುಡಿಯಿತು. ಆ ಗುಟುಕು ಕಂಡು ಮುದುಕಿ ಮತ್ತೆ ಅತ್ತಳು. ಮೋತಿ ಉಳಿಯಿತು. ಚಾಂದ ಮರಳಿ ಬರಲಿಲ್ಲ.

ಓದುವ ಅಣ್ಣಂದಿರೇ, ಕೇಳುವ ತಾಯಂದಿರೇ, ಇದು ಹಾಲಿನ ಮೇಲಿನ ದೂರಲ್ಲ. ನಿಮ್ಮ ಮಮತೆಯ ಮೇಲಿನ ದೂರೂ ಅಲ್ಲ. ಹೊಲದ ಬದುವಿನಲ್ಲೋ ಅಡವಿಯ ಅಂಚಿನಲ್ಲೋ ತಾಯಿ ತಪ್ಪಿದ ಮರಿ ಕಣ್ಣಿಗೆ ಬಿದ್ದರೆ, ಆನೆಯಾಗಲಿ ಜಿಂಕೆಯಾಗಲಿ, ಓಡಿಹೋಗಿ ಎತ್ತಿಕೊಳ್ಳಬೇಡಿ. ತಾಯಿ ಹತ್ತಿರದಲ್ಲೇ ಇರಬಹುದು. ಮಂದಿ ಸೇರಿಸಬೇಡಿ. ನಿಮ್ಮ ಮನೆಯ ಹಾಲು, ಬೆಲ್ಲ, ಬಾಳೆಹಣ್ಣು ಅದರ ಬಾಯಿಗೆ ಇಡಬೇಡಿ. ಅರಣ್ಯ ಇಲಾಖೆಯವರಿಗೆ, ಪಶುವೈದ್ಯರಿಗೆ ತಕ್ಷಣ ಸುದ್ದಿ ಮುಟ್ಟಿಸಿ. ಮರಿ ಸಾಕುವ ಜಾಗಕ್ಕೆ ಹೋದರೆ ಅಲ್ಲಿನವರ ಮಾತು ಕೇಳಿ. ಅವರು ಬೇಡ ಎಂದರೆ ಅದು ಜಿಪುಣತನವಲ್ಲ.

ತಿಳಿದವಳು ರುಕ್ಮಿಣಿಬಾಯಿಯ ಎದುರಿಗೇ ಇದ್ದಳು, ಆದರೆ ಮುದುಕಿ ಅವಳನ್ನು ಕೇಳಿದ್ದು ಮರಿಯನ್ನು ಮಣ್ಣು ಮಾಡಿದ ಮೇಲೆ. ನೀವು ಕೊಡುವ ಮೊದಲೇ ಕೇಳಿ.