ದೊಡ್ಡ ಕ್ಯಾಮೆರಾ, ಚಿಕ್ಕ ಕ್ಯಾಮೆರಾ, ಅತ್ತಿಗೆ ಗನೀಮಾ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ನೀವೇ ಹೇಳಿ. ಹವಲ್ಲಿಯ ಕ್ಯಾಮೆರಾ ಅಂಗಡಿಯಿಂದಲೋ, ತಂಗಿಯ ಮದುವೆ ಹಾಲ್‌ನ ಬಾಗಿಲಿನಿಂದಲೋ, ಅಥವಾ ಹದಿನೈದು ವರ್ಷದಿಂದ ಆರದೆ ಉಳಿದಿರುವ ನನ್ನ ಹೊಟ್ಟೆಯುರಿಯಿಂದಲೋ? ಮೂರೂ ಕಡೆಯಿಂದ ಶುರು ಮಾಡಿ ನೋಡಿದ್ದೇನೆ. ನಾಲ್ಕು ಕರಡು ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ನಾಯಕಿಗೆ ಶರೀಫಾ ಎಂದು ಹೆಸರಿಟ್ಟು, ದಂತವೈದ್ಯೆ ಮಾಡಿ, ಗಂಡನನ್ನೂ ಕೊಟ್ಟಿದ್ದೆ. ಎರಡು ಪುಟ ಮುಗಿಯುವುದರೊಳಗೆ ಶರೀಫಾ ನನ್ನ ಹಾಗೆಯೇ ಉಗುರು ಕಚ್ಚತೊಡಗಿದಳು. ಅವಳನ್ನು ಅಲ್ಲೇ ಕೈಬಿಟ್ಟೆ.

ಆದ್ದರಿಂದ ನಾನೇ. ಹೆಸರು ಬದ್ರಿಯಾ. ಕುವೈತಿನ ಹೆಣ್ಣುಮಕ್ಕಳ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತೇನೆ, ಕಥೆ ಬರೆಯುತ್ತೇನೆ, ಒಂದು ಕಾಲಕ್ಕೆ ಫೋಟೋ ತೆಗೆಯುವ ಹುಚ್ಚಿತ್ತು. ಗಂಡನಿಲ್ಲ.

ನಾಲ್ಕು ಕರಡಿನಲ್ಲೂ ನಾನು ಬರೆಯದೆ ಬಿಟ್ಟ ಒಂದು ಮಾತಿದೆ. ಸರಿಯಾಗಿ ಹೇಳಬೇಕೆಂದರೆ ಒಂದೇ ಪದ. ಅದನ್ನು ಬರೆದರೆ ಕಥೆ ನೆಟ್ಟಗಾಗುತ್ತದೆ, ಮನೆ ಕೆಡುತ್ತದೆ. ಏಕೆಂದರೆ ನನ್ನ ಕಥೆಗಳನ್ನು ಎಲ್ಲರಿಗಿಂತ ಮೊದಲು ಓದುವವಳು ಗನೀಮಾ, ಅಣ್ಣ ಫವ್ವಾಜನ ಹೆಂಡತಿ, ನನಗಿಂತ ಆರೇ ತಿಂಗಳು ದೊಡ್ಡವಳು. ಶುಕ್ರವಾರ ಅಮ್ಮನ ಮನೆಯಲ್ಲಿ ಮಚ್‌ಬೂಸ್ ಅನ್ನ ಉಂಡು, ಕೈತೊಳೆದು, ಕನ್ನಡಕ ಏರಿಸಿ, 'ಕೊಡು ಇಲ್ಲಿ' ಎನ್ನುತ್ತಾಳೆ. ಈ ಕಥೆಯಲ್ಲಿ ನಾನು ಅನ್ಯಾಯ ಮಾಡಿದ್ದು ಅವಳಿಗೇ.

2

ಮೊದಲು ಹೊಟ್ಟೆಯುರಿ. (ಒಳ್ಳೆಯ ಕಥೆಗಾರರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನನಗೆ ಅಷ್ಟು ತಾಳ್ಮೆಯಿಲ್ಲ.)

ಏಳು ವರ್ಷ ನಾನು ಅಂಗೈಯಗಲದ ಪುಟ್ಟ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ಮೀನುದೋಣಿ, ಹಳೆಯ ಬಾಗಿಲು, ಕಸದ ತೊಟ್ಟಿಯ ಬೆಕ್ಕು. ಗನೀಮಾ ಮೂರನೆಯ ಹೆರಿಗೆಯ ನಂತರ ಬೇಜಾರು ಕಳೆಯಲು ಒಂದು ದೊಡ್ಡ ಕ್ಯಾಮೆರಾ ಕೊಂಡಳು, ಡಿಎಸ್‌ಎಲ್‌ಆರ್, ಲೆನ್ಸ್ ಬಿಚ್ಚಿ ಬದಲಾಯಿಸುವಂಥದ್ದು. ಮೂರೇ ತಿಂಗಳಿಗೆ ನನ್ನ ಅಮ್ಮ ನಗುತ್ತಿರುವ ಫೋಟೋ ತೆಗೆದಳು. ಬಾಯಿ ಪೂರ್ತಿ ತೆರೆದು, ಉದುರಿದ ಹಲ್ಲಿನ ಜಾಗ ಕಾಣುವ ಹಾಗೆ ನಗುತ್ತಿರುವ ಅಮ್ಮ. ನನ್ನ ಕ್ಯಾಮೆರಾ ಕಂಡರೆ ಅಮ್ಮ ಏಳು ವರ್ಷವೂ ಹೇಳಿದ್ದು 'ಸಾಕು ಬಿಡೇ' ಎಂದಷ್ಟೇ. ಆ ಫೋಟೋ ಅಮ್ಮನ ಮಲಗುವ ಕೋಣೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿತು. ನಾನು ಆ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಆಮೇಲೆ ತಂಗಿ ಅಬ್ರಾರಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಂಗಸರ ಮದುವೆ ಬೇರೆಯೇ ನಡೆಯುತ್ತದೆ, ಗಂಡಸರ ಕಣ್ಣಿಲ್ಲ, ಹಾಗಾಗಿ ಎಲ್ಲರೂ ತಲೆಬಿಟ್ಟು, ತೋಳುಬಿಟ್ಟು, ಮನಸ್ಸು ಬಿಚ್ಚಿ ಕುಣಿಯುತ್ತಾರೆ. ಅದಕ್ಕೇ ಬಾಗಿಲಲ್ಲಿ ಕಾವಲಿನ ಹೆಂಗಸರು ಎಲ್ಲರ ಫೋನೂ ಕ್ಯಾಮೆರಾವೂ ತೆಗೆದಿಟ್ಟುಕೊಂಡು ಟೋಕನ್ ಕೊಡುತ್ತಾರೆ. ಒಂದು ಕ್ಯಾಮೆರಾ ಮಾತ್ರ ಒಳಗೆ, ಅದೂ ಪಟ್ಟಿಯಲ್ಲಿ ಹೆಸರಿದ್ದವಳದು. ನಮ್ಮ ಸಂಬಂಧದ ಹುಡುಗಿಯೊಬ್ಬಳ ಮದುವೆ ಫೋಟೋಗಳು ಯಾವುದೋ ಸ್ಟುಡಿಯೋದಿಂದ ಸೋರಿ ಫೋನಿನಿಂದ ಫೋನಿಗೆ ಹಾರಿದ್ದವು. ಅಬ್ರಾರ್‌ಗೆ ಹೊರಗಿನವರು ಬೇಡ, ಮನೆಯವರೇ ತೆಗೆಯಬೇಕು.

"ಅಕ್ಕಾ, ಬೇಜಾರ್ ಮಾಡ್ಕೋಬೇಡ," ಎಂದಳು. "ಪಟ್ಟಿಗೆ ಗನೀಮಾ ಅತ್ತಿಗೆ ಹೆಸರು ಕೊಟ್ಟಿದೀನಿ. ನಿಂದು ಚಿಕ್ ಕ್ಯಾಮೆರಾ ಅಲ್ವಾ, ಹಾಲ್ ಬೆಳಕಲ್ಲಿ ಸರಿಯಾಗ್ ಬರಲ್ಲ."

"ನಂಗ್ಯಾಕೆ ಬೇಜಾರು? ಒಳ್ಳೇದೇ ಆಯ್ತು, ಆರಾಮಾಗಿ ಕುಣೀತೀನಿ."

(ನಾನು ಹುಟ್ಟಿದಾಗಿನಿಂದ ಕುಣಿದವಳಲ್ಲ.)

ಮೂವತ್ತನಾಲ್ಕರ ಅಕ್ಕ ಮುಖ ಗಂಟುಹಾಕಿಕೊಂಡದ್ದನ್ನು ನೋಡಿ, ತಂಗಿಗೆ ಮೊದಲು ಮದುವೆಯಾಯಿತಲ್ಲ, ಅದಕ್ಕೇ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಗಂಡನ ವಿಷಯಕ್ಕೆ ನಾನು ಯಾರನ್ನೂ ಕರುಬಿದವಳಲ್ಲ. ಎತ್ತಿ ಬೆಳೆಸಿದ ಕೂಸು ತನ್ನ ದೊಡ್ಡ ದಿನವನ್ನು ನೋಡುವ ಕಣ್ಣಾಗಿ ಇನ್ನೊಬ್ಬಳನ್ನು ಆರಿಸಿಕೊಂಡಿತು, ಉರಿದದ್ದು ಅದಕ್ಕೆ.

3

ಹವಲ್ಲಿಯ ಅಂಗಡಿ. ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟು ನಿಂತಿದ್ದ ಮುಖ್ತಾರ್, ಈಜಿಪ್ಟಿನವನು, ಮಾತಿನ ಮಲ್ಲ.

"ನೋಡಿ ಮೇಡಂ, ಹವ್ಯಾಸಕ್ಕೆ ಅಂದ್ರೆ ನಾನು ಈ ಚಿಕ್ಕದನ್ನೇ ಹೇಳೋದು. ಪರ್ಸಲ್ಲಿ ಹೋಗತ್ತೆ. ಯಾರೂ ಹೆದರಲ್ಲ. ಮಕ್ಕಳು ಮೂತಿ ಸೊಟ್ಟ ಮಾಡಲ್ಲ. ದೊಡ್ಡದನ್ನ ತಗೊಂಡೋರು ತಿಂಗಳೊಳಗೆ ಕಪಾಟಲ್ಲಿ ಇಡ್ತಾರೆ. ಕುತ್ತಿಗೆ ನೋವು ಅಂತ."

"ದೊಡ್ಡದರಲ್ಲಿ ಏನು ಹೆಚ್ಚು?"

"ಕತ್ತಲಲ್ಲೂ ತೆಗೀಬಹುದು. ಮತ್ತೆ, ಹಿಂದೆ ನಿಂತೋರೆಲ್ಲ ಮಸುಕಾಗ್ತಾರೆ. ನಿಮಗೆ ಯಾರು ಬೇಕೋ ಅವರೊಬ್ಬರೇ ಕಾಣ್ತಾರೆ."

ಯಾರನ್ನು ಮಸುಕು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಿಜ ಹೇಳಿ, ಏನ್ ತೆಗೀತೀರಾ?" ಎಂದು ಕೇಳಿದ.

"ಬೆಕ್ಕು."

"ಬೆಕ್ಕಿಗೆ ಇದು ಯಾಕೆ ಮೇಡಂ? ನನ್ ಸ್ವಂತ ಮಗಳು ಕೇಳಿದ್ರೂ ಚಿಕ್ಕದೇ ಕೊಡ್ತಿದ್ದೆ."

ಓದುಗರೇ, ಇಲ್ಲಿ ಕಥೆ ಬುದ್ಧಿಯ ಕಡೆಗೆ ತಿರುಗಬಹುದಿತ್ತು. ಎರಡನೆಯ ಕರಡಿನಲ್ಲಿ ತಿರುಗಿಸಿಯೂ ನೋಡಿದೆ: ಬದ್ರಿಯಾ ಚಿಕ್ಕದನ್ನು ಕೊಂಡಳು, ಬಾಗಿಲಲ್ಲಿ ಒಪ್ಪಿಸಿದಳು, ಮದುವೆಯಲ್ಲಿ ಹೊಟ್ಟೆ ತುಂಬ ಉಂಡಳು, ಶುಭಂ. ಎಂಟೇ ಸಾಲು. ಆದರೆ ನಾನು ಕೊಂಡದ್ದು ಗನೀಮಾಳ ಹತ್ತಿರ ಇದ್ದದ್ದೇ, ಅದೇ ಮಾದರಿ, ಅದೇ ಕಪ್ಪು ಚೀಲ. ಯಾರಿಗೂ ಹೇಳಲಿಲ್ಲ.

4

(ಈ ಭಾಗ ಸದ್ಯಕ್ಕೆ ಖಾಲಿ. ಹಾಲ್‌ನ ಬಾಗಿಲು ಇಲ್ಲಿದೆ. ಮುಂದೆ ಹೋಗಿ.)

ಮೂರನೆಯ ಕರಡಿನಲ್ಲೂ ಈ ಜಾಗ ಖಾಲಿಯಿತ್ತು. ಗನೀಮಾ ಅದನ್ನು ಓದಿ ಕನ್ನಡಕ ತೆಗೆದಳು.

"ಬದ್ರಿಯಾ, ಏನೇ ಇದು, ನನ್ನ ಇಷ್ಟು ದಪ್ಪ ಮಾಡಿದೀಯ?"

"ಕಥೆ ಅಲ್ವಾ ಅತ್ತಿಗೆ."

"ಕಥೇಲಾದ್ರೂ ಸಣ್ಣ ಆಗೋಣ ಅಂದ್ರೆ ಬಿಡಲ್ಲ ನೀನು. ಹೋಗ್ಲಿ. ಬಾಗಿಲಲ್ಲಿ ಏನಾಯ್ತು ಅಂತಾನೇ ಬರ್ದಿಲ್ಲವಲ್ಲ? ಪಟ್ಟೀಲಿ ನನ್ ಹೆಸರಿತ್ತು. ನನ್ ಕ್ಯಾಮೆರಾನೇ ಇಟ್ಕೊಂಡ್ರು. ಓದೋರು ಕೇಳಲ್ವಾ ಯಾಕೆ ಅಂತ?"

"ಕಾವಲಿನವರ ಗಡಿಬಿಡಿ. ಹಾಗೇ ಬರೀತೀನಿ."

"ಗಡಿಬಿಡಿ ಅಂದ್ರೆ ಯಾರು ನಂಬ್ತಾರೆ," ಎಂದು ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ಕೊಟ್ಟಳು. ಅವಳ ಮುಖದಲ್ಲಿ ಏನಾದರೂ ಇತ್ತೇ ಎಂದು ಹುಡುಕಿದೆ. ಚಹಾ ಬಗ್ಗಿಸುತ್ತಿದ್ದಳು, ಅಷ್ಟೆ.

ಇದೇ ನನ್ನ ಕಷ್ಟ. ಅವಳನ್ನು ಕೆಟ್ಟವಳಾಗಿ ಬರೆಯಲು ಹೊರಡುತ್ತೇನೆ, ಹೇಗೆ ಬರೆದರೂ ಒಳ್ಳೆಯವಳಾಗಿ ಎದ್ದು ಬರುತ್ತಾಳೆ. ಒಂದು ಕರಡಿನಲ್ಲಿ ಅವಳ ಲೆನ್ಸ್ ಒಡೆದು ಹಾಕಿದೆ. ಅವಳು ನಕ್ಕು ಚೂರು ಗುಡಿಸಿದಳು.

5

ಹಾಲ್‌ನ ಒಳಗೆ. ನಾನು, ಬೆನ್ನು ತೆರೆದ ಹಸಿರು ಗೌನು, ಕುತ್ತಿಗೆಯಲ್ಲಿ ಕಲ್ಲಿನಂಥ ಕ್ಯಾಮೆರಾ.

"ಅಕ್ಕಾ, ಇದ್ಯಾವಾಗ ತಗೊಂಡೆ?" ವೇದಿಕೆಯ ಮೇಲಿದ್ದ ಅಬ್ರಾರ್ ಕಣ್ಣರಳಿಸಿದಳು. "ಅತ್ತಿಗೆ ಎಲ್ಲಿ?"

"ಅವಳ್ದು ಬಾಗಿಲಲ್ಲಿ ಹಿಡಿದಿಟ್ರಂತೆ. ಪುಣ್ಯಕ್ಕೆ ನಂದು ಬಿಟ್ರು."

"ಸದ್ಯ, ನೀನಿದೀಯಲ್ಲ," ಎಂದು ಅವಳು ನನ್ನ ಕೆನ್ನೆ ಮುಟ್ಟಿದಳು. ಆ ಒಂದು ಮಾತಿಗೆ ನಾನು ಇನ್ನೂ ನಾಲ್ಕು ಸುಳ್ಳು ಹೇಳಲು ತಯಾರಿದ್ದೆ.

ಆದರೆ ನಾನು ಕ್ಯಾಮೆರಾ ಎತ್ತಿದ ಕಡೆಯೆಲ್ಲ ಹೆಂಗಸರು ಶಾಲಿನಿಂದ ಮುಖ ಮುಚ್ಚಿಕೊಂಡರು. ಚಿಕ್ಕದಕ್ಕೆ ಹಲ್ಲುಕಿರಿಯುತ್ತಿದ್ದ ನನ್ನ ಸ್ವಂತ ಚಿಕ್ಕಮ್ಮಂದಿರೂ ಬೆನ್ನು ತಿರುಗಿಸಿದರು. ವರನ ದೊಡ್ಡಮ್ಮ, ಜಹ್ರಾ ಊರಿನಿಂದ ಬಂದು ನನ್ನನ್ನು ಅದೇ ಮೊದಲು ನೋಡುತ್ತಿದ್ದವರು, ಭುಜ ತಟ್ಟಿ ಹೇಳಿದರು:

"ಏ ಹುಡ್ಗಿ, ಕೆಲ್ಸದೋರಿಗೆ ಊಟ ಅಡುಗೆಮನೆ ಪಕ್ಕ ಹಾಕಿದಾರೆ. ಬೇಗ ಹೋಗ್ ತಿನ್ನು, ಮದುಮಗ ಬರೋ ಹೊತ್ತಾಯ್ತು."

ನಾನು ಮದುಮಗಳ ಅಕ್ಕ ಎನ್ನಲು ಬಾಯಿ ತೆರೆದೆ. ಅಕ್ಕಂದಿರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ನೆನಪಾಗಿ ಮುಚ್ಚಿದೆ.

ಅತ್ತ ಗನೀಮಾ ಕುಣಿಯುತ್ತಿದ್ದಳು. ಕೈಯಲ್ಲಿ ಏನೂ ಇಲ್ಲದೆ, ಕೂದಲು ಬೀಸಿ, ನನ್ನ ಅಮ್ಮನನ್ನೂ ಎಳೆದುಕೊಂಡು. ಅಮ್ಮ ಮತ್ತೆ ಬಾಯಿ ತುಂಬ ನಗುತ್ತಿದ್ದಳು. ದೊಡ್ಡ ಕ್ಯಾಮೆರಾ ನನ್ನ ಕೈಯಲ್ಲಿತ್ತು, ನಗು ಅಲ್ಲಿತ್ತು. ಕ್ಲಿಕ್ ಮಾಡಿದೆ. ಅಮ್ಮ ನನ್ನನ್ನು ನೋಡಿ, "ಸಾಕು ಬಿಡೇ," ಎಂದಳು.

ಮೈಕಿನಲ್ಲಿ ಕೂಗಿದರು, ಮದುಮಗ ಬರುತ್ತಿದ್ದಾನೆ. ಹಾಗೆಂದರೆ ಅವನ ಜೊತೆ ಅವನಪ್ಪ, ತಮ್ಮಂದಿರು, ನಮ್ಮಣ್ಣ. ಕ್ಷಣದಲ್ಲಿ ಮುನ್ನೂರು ಹೆಂಗಸರು ಅಬಾಯಾ ಹೊದ್ದರು, ಬಣ್ಣದ ಹಾಲ್ ಪೂರ್ತಿ ಕಪ್ಪಾಯಿತು. ನನಗೂ ಕೇಳಿಸಿತ್ತು. ಆದರೆ ಕ್ಯಾಮೆರಾ ಕೈಗೆ ಬಂದು ಹನ್ನೆರಡೇ ದಿನ. ಪರದೆ ಬೆಳ್ಳಗೆ ಸುಟ್ಟ ಹಾಗೆ ಬರುತ್ತಿತ್ತು, ಯಾವ ಚಕ್ರ ತಿರುಗಿಸಿದರೆ ಸರಿಹೋಗುತ್ತದೆಂದು ತಿಳಿಯದೆ ಎಲ್ಲವನ್ನೂ ತಿರುಗಿಸುತ್ತಿದ್ದೆ. 'ಹೊದ್ಕೊಳ್ಳೇ' ಎಂದು ನನಗೆ ಯಾರೂ ಹೇಳಲಿಲ್ಲ. ಬಾಡಿಗೆಯ ಫೋಟೋದವಳಿಗೆ ಯಾರೂ ಹೇಳುವುದಿಲ್ಲ. ತಲೆ ಎತ್ತಿದಾಗ ಬಾಗಿಲು ತೆರೆದಿತ್ತು, ಗಂಡಸರು ಹೊಸ್ತಿಲಲ್ಲಿದ್ದರು, ಇಡೀ ಹಾಲ್‌ನಲ್ಲಿ ಬರಿತಲೆ, ಬರಿಬೆನ್ನಿನಲ್ಲಿ ನಿಂತಿದ್ದವಳು ನಾನೊಬ್ಬಳೇ. ವೇದಿಕೆಯ ಮೇಲೆ ಅಬ್ರಾರ್ ಗಂಡನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಮುಖ ಬಿಳಿಚಿತ್ತು.

ಆಗ ಹಿಂದಿನಿಂದ ಕತ್ತಲು ಬಿತ್ತು. ಗನೀಮಾ ತನ್ನ ಅಬಾಯಾ ಅಗಲಿಸಿ ನನ್ನನ್ನೂ ಒಳಗೆ ಎಳೆದುಕೊಂಡಿದ್ದಳು. ಒಂದು ಬಟ್ಟೆಯಲ್ಲಿ ಇಬ್ಬರು, ನಡುವೆ ಕ್ಯಾಮೆರಾ ಪಕ್ಕೆಲುಬಿಗೆ ಒತ್ತುತ್ತಿತ್ತು.

"ಅಲ್ಲಾಡ್ಬೇಡ," ಎಂದಳು ಕಿವಿಯಲ್ಲಿ. "ಯಾರೂ ನೋಡ್ಲಿಲ್ಲ."

ಎಲ್ಲರೂ ನೋಡಿದ್ದರು. ಅಬಾಯಾದ ಹೊರಗೆ ಮದುಮಗ ಮುಸುಕು ಎತ್ತಿದ, ಅವನ ತಂದೆ ಸೊಸೆಯ ಹಣೆಗೆ ಮುತ್ತಿಟ್ಟು ಅತ್ತರಂತೆ. ನನಗೆ ಕಂಡದ್ದು ಕಪ್ಪು ಬಟ್ಟೆ. ಮರುವರ್ಷ ಅವರು ತೀರಿಕೊಂಡರು. ಅಬ್ರಾರ್ ಪ್ರತಿ ವರ್ಷ ಆಲ್ಬಮ್ ತೆಗೆದು ಹೇಳುತ್ತಾಳೆ, "ಮಾವನ ಜೊತೆ ಒಂದೂ ಇಲ್ಲ ನೋಡಕ್ಕಾ. ಅವತ್ತು ಅತ್ತಿಗೆ ಕ್ಯಾಮೆರಾ ಕಿತ್ಕೊಳ್ದೇ ಇದ್ದಿದ್ರೆ." ಕಾವಲಿನವರನ್ನು ಶಪಿಸುತ್ತಾಳೆ. ನಾನೂ ಜೊತೆಗೂಡಿ ಶಪಿಸುತ್ತೇನೆ.

4 (ಮತ್ತೆ)

ಸರಿ. ಬಾಗಿಲು.

ಬೇಗ ಹೋಗಿದ್ದೆ. ಸುಮ್ಮನೆ ಅಬ್ರಾರ್‌ಗೆ ತೋರಿಸಲು ತಂದದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಾವಲಿನವಳು ಕಪ್ಪು ಚೀಲ ನೋಡಿದಳು, ಪಟ್ಟಿ ನೋಡಿದಳು.

"ನೀವೇನಾ ಗನೀಮಾ?"

"ಹೌದು," ಎಂದೆ.

ಅದೇ ಆ ಪದ. ಅರ್ಧ ಗಂಟೆಯ ನಂತರ ಗನೀಮಾ ಬಂದಾಗ, ಗನೀಮಾ ಆಗಲೇ ಒಳಗೆ ಹೋಗಿದ್ದಳು.

6

ಈಗ ಮುಕ್ತಾಯ. ಮೂರು ಬರೆದಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಗನೀಮಾ ಇದನ್ನು ಓದಿ ಎದ್ದು ಹೋಗುತ್ತಾಳೆ. ಅಣ್ಣ ಫೋನ್ ಮಾಡುವುದಿಲ್ಲ. ಅಬ್ರಾರ್‌ಗೂ ಗೊತ್ತಾಗುತ್ತದೆ. ಶುಕ್ರವಾರ ಅಮ್ಮನ ಮನೆಯಲ್ಲಿ ಎರಡು ಪಾಳಿಯಲ್ಲಿ ಊಟ.

ಆ) ಗನೀಮಾಗೆ ಮೊದಲೇ ಗೊತ್ತಿತ್ತು. 'ಗನೀಮಾ ಒಳಗೆ ಹೋದ್ರಲ್ಲ' ಎಂದು ಕಾವಲಿನವಳು ಹೇಳಿದಾಗಲೇ ಅರ್ಥವಾಗಿ, ನನ್ನ ಮಾನ ಉಳಿಸಲು ಸುಮ್ಮನೆ ಕ್ಯಾಮೆರಾ ಒಪ್ಪಿಸಿ ಒಳಗೆ ಬಂದಳು. ಹದಿನೈದು ವರ್ಷ ಗೊತ್ತಿದ್ದೂ ನನ್ನ ಕರಡು ಓದಿದಳು.

(ಓದುಗರೇ, ನಿಮಗೆ ಇದೇ ಇಷ್ಟ ಎಂದು ಗೊತ್ತು. ನನಗೆ ಬೇಡ. ಹಾಗಾದರೆ ಅವಳು ಮತ್ತೊಮ್ಮೆ ಗೆದ್ದ ಹಾಗೆ. ಅಮ್ಮನ ನಗು ಅವಳದು, ಕುಣಿತ ಅವಳದು, ಈಗ ಕ್ಷಮೆಯೂ ಅವಳದೇ. ನನ್ನ ಕಥೆಯಲ್ಲಾದರೂ ನನಗೇನಾದರೂ ಉಳಿಯಬೇಡವೇ? ಎಲ್ಲ ತಪ್ಪೂ ಒಪ್ಪಿಕೊಂಡ ಮೇಲೂ ಹೊಟ್ಟೆಯುರಿ ಆರಿಲ್ಲ, ಗಮನಿಸಿ.)

ಇ) ಈ ಹಾಳೆಗಳನ್ನು ಹರಿದು ಆರನೆಯ ಕರಡು ಶುರು ಮಾಡುತ್ತೇನೆ. ನಾಯಕಿ ಶರೀಫಾ, ದಂತವೈದ್ಯೆ.

ಮೂರನ್ನೂ ಹೊಡೆದುಹಾಕಿದೆ. ಇಂದು ಶುಕ್ರವಾರ. ಊಟವಾಯಿತು. ಅವಳು ಕೈತೊಳೆದು ಬಂದು 'ಕೊಡು ಇಲ್ಲಿ' ಎಂದಾಗ ಇಷ್ಟನ್ನೂ ಕೊಡುತ್ತೇನೆ, ನಾಲ್ಕನೆಯ ಭಾಗವನ್ನೂ ಸೇರಿಸಿ. ಓದುವಾಗ ಅವಳ ಮುಖ ನೋಡುವ ಧೈರ್ಯವಿಲ್ಲ, ಎದುರಿಗೆ ನೆಲ ನೋಡುತ್ತಾ ಕೂತಿರುತ್ತೇನೆ.

ಅತ್ತಿಗೆ, ಇಲ್ಲಿಂದ ಮುಂದೆ ನಾನು ಬರೆದಿಲ್ಲ. ತಲೆ ಎತ್ತು.