ಹಿಡಿದ ಕೈ ಬಿಡುವ ಪಾಠ

ಅಮೃತೂರಿನ ಕೋಮಲಾ ತೆಂಗಿನ ಮರ ಹತ್ತುತ್ತಾಳೆ. ಮಾವ ಅಣ್ಣಯ್ಯಪ್ಪ ಹೋದ ಮೇಲೆ ಆ ಕಸುಬಿಗೆ ಕೈ ಹಾಕಿದವಳು ಸೊಸೆಯೇ. ಬೆಳಿಗ್ಗೆ ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡು, "ಕಾಪಾಡು ತಾಯಿ" ಎಂದು ಹತ್ತುವ ಮೆಷಿನ್ನಿಗೆ ಕಾಲಿಟ್ಟಳೆಂದರೆ ಮಧ್ಯಾಹ್ನದೊಳಗೆ ಇಪ್ಪತ್ತೈದು ಮರ. ಅವರ ಮನೆಯಲ್ಲಿ 'ಬೀಳು' ಎಂಬ ಮಾತು ಆಡುವಂತಿಲ್ಲ. ಕಾಯಿ ಇಳಿಯುತ್ತದೆ, ಗರಿ ಇಳಿಯುತ್ತದೆ, ಮಳೆ ಬರುತ್ತದೆ. ಎಂಟು ವರ್ಷದ ಹಿಂದೆ ಮಾವನೂ ಮರದಿಂದ 'ಇಳಿದುಹೋದರು', ಅಷ್ಟೇ.

ಇಂಥವಳು ಮೂವತ್ತೆರಡನೇ ವಯಸ್ಸಿಗೆ ಜೂಡೋ ಕಲಿಯಲು ಹೊರಟಳು. ಮೆಷಿನ್ನಿನ ರಿಪೇರಿಗೆ ತುಮಕೂರಿನ ಬಟವಾಡಿಗೆ ಹೋಗಿದ್ದಾಗ, ಒಂದು ಮಹಡಿಯ ಮೇಲೆ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಎತ್ತಿ ಹಾಕಿ, ಎದ್ದು, ತಲೆಬಾಗಿ ನಗುವುದನ್ನು ಕಂಡಿದ್ದಳು. ಮರ ಹತ್ತುವುದು ಹೊಟ್ಟೆಗೆ. ಇದನ್ನು ಮನಸ್ಸು ಬೇಡಿತು. ಮದುವೆಯಾದ ಮೇಲೆ ಅವಳು ತನಗೆಂದು ಬಯಸಿದ್ದು ಇದೊಂದನ್ನೇ.

ಆ ಮಹಡಿಯ ಮೇಲೆ ಪ್ರತಿ ಭಾನುವಾರ ತರಗತಿ. ಮೊದಲ ಪಾಠವೇ ಬೀಳುವುದು. ಪಿಯುಸಿ ಓದುವ ಮಾಹಿರಾ ಅವಳ ಜೋಡಿ. ಅವಳು ಎತ್ತಿ ಹಾಕಿದಾಗ ಕೋಮಲಾ ತಾನು ಹಿಡಿದ ಅವಳ ಕೊರಳಪಟ್ಟಿ ಬಿಟ್ಟು, ಗದ್ದ ಎದೆಗೊತ್ತಿ, ಅಂಗೈಯಿಂದ ಮ್ಯಾಟಿಗೆ ಬಡಿಯಬೇಕು.

"ಬಿಡಿ ಕೋಮಲಾ! ಅದು ಕೊರಳಪಟ್ಟಿ, ತೆಂಗಿನ ಮರ ಅಲ್ಲ!" ಎಂದು ಗುರು ಮೆಹತಾಬ್ ಮೇಡಂ ಕೂಗುತ್ತಿದ್ದರು.

"ನಾನು ಬಿಡ್ತೀನಿ ಮೇಡಂ, ಕೈ ಬಿಡಲ್ಲ ಅಂತೈತೆ."

ಮೂರನೇ ಭಾನುವಾರ ಕೋಮಲಾ ಬಿಗಿಯಾಗಿ ಹಿಡಿದೇ ಬಿದ್ದಳು. ಮಾಹಿರಾಳೂ ಜೊತೆಗೇ ಉರುಳಿದಳು. ಹುಡುಗಿಯ ಮೊಣಕೈ ಊದಿಕೊಂಡಿತು.

"ಅಕ್ಕ, ನನ್ ಕತ್ತಲ್ಲಿ ಎಳನೀರು ಕಂಡ್ತಾ?" ಎಂದು ಮಾಹಿರಾ ನೋವಿನಲ್ಲೂ ನಕ್ಕಳು.

ಮೇಡಂ ನಗಲಿಲ್ಲ. "ಇವೆಲ್ಲ ಬೇರೆಯವರ ಮಕ್ಳು. ಇನ್ನೆರಡು ವಾರ ನೋಡ್ತೀನಿ. ಆಗ್ಲೂ ಕೈ ಬಿಡದಿದ್ರೆ ನಿಮ್ಮನ್ನ ಮ್ಯಾಟ್ ಮೇಲೆ ಬಿಡಲ್ಲ."

ಸಂಜೆ ಮನೆಗೆ ಬಂದಾಗ ಅತ್ತೆ ದೊಡ್ಡಗಂಗಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಯಾಕವ್ವ, ಮೋರೆ ಇಷ್ಟುದ್ದ ಮಾಡ್ಕಂಡಿದೀಯ?"

ಕೋಮಲಾ ಎಲ್ಲವನ್ನೂ ಹೇಳಿದಳು, 'ಬೀಳು' ಎಂಬ ಮಾತನ್ನು ಮಾತ್ರ ನುಂಗಿಕೊಂಡು. ಅತ್ತೆ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು.

"ನಿಮ್ಮಾವ ಹೆಂಗೋದ್ರು ಅಂತ ನಿಂಗ್ಯಾರೂ ಹೇಳಿಲ್ಲ. ನಾನು ಬುಡದಾಗೇ ಕಾಯಿ ಗುಡ್ಡೆ ಹಾಕ್ತಿದ್ದೆ. ಮ್ಯಾಲೆ ಕಾಲು ಜಾರ್ತು. ಒಂದು ಕೈಯಾಗೆ ಒಣಗಿದ ಗರಿ ಇತ್ತು. ಅದ್ನ ಬುಟ್ಟು ಮರ ತಬ್ಬಬೋದಿತ್ತು. ಬುಡ್ಲಿಲ್ಲ ಕಣವ್ವ. ಗರಿ ಹಿಡ್ಕಂಡೇ ಬಿದ್ರು."

ಎಂಟು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಮೊದಲ ಸಲ ಹೊರಬಂದಿತ್ತು. ದೇವರ ಗೂಡು ಹಾಗೇ ಇತ್ತು, ಗೋಡೆಯೂ ಹಾಗೇ ಇತ್ತು. ಅತ್ತೆಯ ಕಣ್ಣು ಮಾತ್ರ ಒದ್ದೆಯಾಗಿತ್ತು.

"ನೀನು ಬೀಳಾದು ಕಲ್ತ್ಕ. ನಾನೇ ಕಲಿಸ್ತೀನಿ, ಬಾ."

ಮಾರನೆಯ ದಿನ ಅತ್ತೆ ಹಿತ್ತಲಲ್ಲಿ ಮೊಣಕಾಲೆತ್ತರಕ್ಕೆ ರಾಗಿಹುಲ್ಲು ಹರಡಿದರು. ಕೋಮಲಾ ಅತ್ತೆಯ ಸೆರಗು ಹಿಡಿದು ಹಿಂದಕ್ಕೆ ವಾಲಬೇಕು. ಅತ್ತೆ "ಬುಡು" ಎಂದ ಕೂಡಲೇ ಕೈ ಬಿಡಬೇಕು. ಮೊದಲ ದಿನ ಸೆರಗು ಚರ್ರೆಂದಿತು.

"ಹಬ್ಬದ ಸೀರೆ ಕಣೇ, ಹರೀತೀಯ! ಬುಡೇ!"

"ಹಬ್ಬದ ಸೀರೆ ಯಾಕ್ ಉಟ್ಕಂಡ್ರಿ ಅತ್ತೆ?"

"ಇದಾದ್ರೆ ಬುಡ್ತೀಯೇನೋ ಅಂತ!"

ಹದಿಮೂರು ದಿನ ಹೀಗೇ ನಡೆಯಿತು. ಬೆಳಿಗ್ಗೆ ಮರ ಹತ್ತುವುದು, ಸಂಜೆ ಹುಲ್ಲಿನ ಮೇಲೆ ಬೀಳುವುದು. ಮರದ ಮೇಲೆ ಗಟ್ಟಿಯಾಗಿ ಹಿಡಿಯುವ ಬೆರಳಿಗೆ, ಕೆಳಗೆ ಬೇರೆ ಬುದ್ಧಿ ಬೇಕೆಂದು ನಿಧಾನವಾಗಿ ತಿಳಿಯಿತು.

ಮೇಡಂ ಕೊಟ್ಟ ಗಡುವಿನ ಕೊನೆಯ ಭಾನುವಾರದ ಹೊತ್ತಿಗೆ ಮಾಹಿರಾಳ ಮೊಣಕೈ ವಾಸಿಯಾಗಿತ್ತು. ಅವಳು ಕೋಮಲಾಳನ್ನು ಸೊಂಟದ ಮೇಲೆ ಎಳೆದುಕೊಂಡಳು. ನೆಲ ತಪ್ಪಿತು. ಗಾಳಿಯಲ್ಲಿದ್ದ ಆ ಒಂದು ಚಣ ಕೋಮಲಾಳಿಗೆ, ದೇವರ ಮುಂದೆ ಏನೂ ಕೇಳದೆ ನಿಂತಂತಾಯಿತು. ಬೆರಳು ತಾನಾಗಿ ಬಿಟ್ಟಿತು. ಅಂಗೈ ಮ್ಯಾಟಿಗೆ ಬಡಿದ ಸದ್ದು ಮಹಡಿಯೆಲ್ಲ ಕೇಳಿಸಿತು.

"ಇನ್ನೊಂದ್ಸಲ" ಎಂದರು ಮೇಡಂ.

ಹತ್ತು ಸಲ ಬಿದ್ದಳು. ಹತ್ತೂ ಸಲ ಮಾಹಿರಾ ನಿಂತೇ ಇದ್ದಳು.

"ಸರಿ. ಈಗ ನೀವು ಮಾಹಿರಾನ ಹಾಕಿ."

ಕೋಮಲಾ ಹಿಂಜರಿದಳು. ಹುಡುಗಿ ತಾನೇ ಹತ್ತಿರ ಬಂದು ನಿಂತಳು.

"ಬನ್ನಿ ಅಕ್ಕ. ನಂಗೇನಾಗಲ್ಲ, ಎತ್ತಿ ಹಾಕಿ."