ಫ್ಲಾಪಿಗೆ ಹಚ್ಚಿದ ವಿಭೂತಿ

ಸಿರುಗುಪ್ಪದ ಕಾಲುವೆ ರೈತರ ಸಂಘದಲ್ಲಿ ದಸರಾ ಮುಗಿದು ಬಾಗಿಲು ತೆಗೆದ ದಿನ ಕಂಪ್ಯೂಟರ್ ಶುರುವಾಗಲಿಲ್ಲ. ಸ್ವಿಚ್ ಹಾಕಿದರೆ ಪರದೆ ಬೆಳಗುತ್ತದೆ, ಗರಗರ ಸದ್ದು ಬರುತ್ತದೆ, ಮುಂದೆ ಏನೂ ಇಲ್ಲ.

ಆ ಕಂಪ್ಯೂಟರಿಗೆ ಫ್ಲಾಪಿ ಎಂಬ ಒಂದು ತೆಳು ಚೌಕ ತಟ್ಟೆಯೇ ಜೀವ. ಅದನ್ನು ಓದಿಕೊಂಡೇ ಅದು ಶುರುವಾಗಬೇಕು. ಕಾಲುವೆ ನೀರು ಯಾರ ಹೊಲಕ್ಕೆ ಯಾವ ಹೊತ್ತಿಗೆ ಎಂಬ ಪಾಳಿ ಪಟ್ಟಿಯೂ ಅದರಲ್ಲೇ ಇತ್ತು. ಹೊಸ ಪಟ್ಟಿಯನ್ನು ಇನ್ನೂ ಕಾಗದಕ್ಕೆ ಇಳಿಸಿರಲಿಲ್ಲ. ಮರುದಿನ ಬೆಳಿಗ್ಗೆ ತೂಬು ಎತ್ತುವವರಿದ್ದರು. ಪಟ್ಟಿ ಇಲ್ಲದಿದ್ದರೆ ಮೇಲಿನ ಹೊಲದವರೇ ನೀರು ತಿರುಗಿಸಿಕೊಳ್ಳುತ್ತಾರೆ. ತೆಕ್ಕಲಕೋಟೆ ಕಡೆಯ ಕೊನೆಯ ಹೊಲಗಳಲ್ಲಿ ಭತ್ತ ಇನ್ನೇನು ತೆನೆ ಬಿಡುವಂತೆ ಹೊಡೆ ತುಂಬಿ ನೀರಿಗೆ ಕಾದಿತ್ತು.

ಪಟ್ಟಿ ಮಾಡುವ ಹಂಪಕ್ಕ ಫ್ಲಾಪಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಅದರ ಮೇಲೆ ಮೂರು ಬೆರಳಿನ ವಿಭೂತಿ. ಒಳಗಿನ ತಟ್ಟೆ ಕಾಣುವ ಕಿಂಡಿಯಲ್ಲೂ ಬಿಳಿ ಪುಡಿ.

“ಇದಕ್ಕ ವಿಭೂತಿ ಹಚ್ಚಿದವರು ಯಾರ್ರಿ?”

“ನಾನ ಹಚ್ಚೀನಿ,” ಎಂದರು ಕಾರ್ಯದರ್ಶಿ ತಿಪ್ಪೇರುದ್ರಪ್ಪ. “ಆಯುಧಪೂಜಿ ದಿನ ಟ್ರ್ಯಾಕ್ಟರಿಗೆ ಹಚ್ಚಿದೆ, ತಕ್ಕಡಿಗೆ ಹಚ್ಚಿದೆ. ಇದೊಂದನ್ನ ಹೆಂಗ ಬಿಡಲಿ? ವಿಭೂತಿಯಿಂದ ಯಾರಿಗೆ ಕೆಟ್ಟಾಗೇತಿ?”

“ನಿಮ್ಮ ಹಣಿಗೆ ಕೆಟ್ಟಾಗಂಗಿಲ್ರಿ ಅಣ್ಣಾರ. ಇದಕ್ಕ ಪುಡಿ ಆಗಿಬರಂಗಿಲ್ಲ.”

ಹಂಪಕ್ಕ ಸಂಜೆಯ ಕಂಪ್ಯೂಟರ್ ತರಗತಿಯಲ್ಲಿ ಕಲಿತ ಒಂದು ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ಶನಿವಾರ ಆ ಫ್ಲಾಪಿಯನ್ನು ಇದ್ದಂತೆಯೇ ಇನ್ನೊಂದಕ್ಕೆ ಇಳಿಸಿ, ಆ ಪ್ರತಿಯನ್ನು ಬಳ್ಳಾರಿ ಕಂಟೋನ್ಮೆಂಟಿನಲ್ಲಿರುವ ತರಗತಿಯ ಟೀಚರ್ ಅಕ್ಕನಾಗಮ್ಮನವರ ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಹಂಪಕ್ಕ ಫ್ಲಾಪಿಗೊಂದು ತವರುಮನೆ ಮಾಡಿದ್ದಾಳೆ ಎಂದು ತಿಪ್ಪೇರುದ್ರಪ್ಪ ನಗುತ್ತಿದ್ದರು. ಇವತ್ತು ಅವರೇ ಬಳ್ಳಾರಿಗೆ ಫೋನು ಹಚ್ಚಿದರು.

ಮಧ್ಯಾಹ್ನದ ಬಸ್ಸಿಗೆ ಅಕ್ಕನಾಗಮ್ಮ ಬಂದರು. ತಿಪ್ಪೇರುದ್ರಪ್ಪ ಅವರ ಕೈಯಿಂದ ಫ್ಲಾಪಿ ತೆಗೆದುಕೊಂಡು ತಾವೇ ತೂರಿಸಲು ಹೋದರು.

“ತಡೀರಿ. ಮಷೀನಿನ ಬಾಯಾಗ ಇನ್ನೂ ಪುಡಿ ಐತಿ. ಹಂಗ ಹಾಕಿದ್ರ ಇದೂ ಹೋಗ್ತೈತಿ. ಆಮ್ಯಾಲ ನನ್ನ ಹತ್ರ ಇನ್ನೊಂದಿಲ್ಲ.”

ಅಕ್ಕನಾಗಮ್ಮ ಮೊದಲು ಮಷೀನಿನ ಒಳಭಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟರು. ತಪ್ಪಿಯೂ ಏನೂ ಅಳಿಸದಂತೆ ಪ್ರತಿಯ ಅಂಚಿನ ಕಚ್ಚಿಗೆ ಚೀಟಿ ಅಂಟಿಸಿದರು. ಆಮೇಲೆ ಒಳಗಿಟ್ಟರು. ಸದ್ದಾಯಿತು, ನಿಂತಿತು, ಮತ್ತೆ ಸದ್ದಾಯಿತು. ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಬಂದವು. ಹಂಪಕ್ಕ ಕುರ್ಚಿಯಲ್ಲಿ ಕೂತುಬಿಟ್ಟಳು.

ಮೊದಲು ಅದರಿಂದ ಹೊಸ ಫ್ಲಾಪಿಗೊಂದು ಪ್ರತಿ ಇಳಿಸಿ, ಕೆಲಸವನ್ನೆಲ್ಲ ಆ ಹೊಸದರಲ್ಲೇ ಮಾಡಿದರು. ಶನಿವಾರದ ಮೇಲೆ ಆದ ಮೂರು ಬದಲಾವಣೆ ಪ್ರತಿಯಲ್ಲಿ ಇರಲಿಲ್ಲ. ರೈತರ ಅರ್ಜಿ ನೋಡಿ ಅವನ್ನು ಮತ್ತೆ ಟೈಪ್ ಹೊಡೆಯಬೇಕಾಯಿತು. ಸಂಜೆಗೆ ಪಟ್ಟಿ ಹಲಗೆಗೆ ಬಂತು. ಕೊನೆಯ ಹೊಲದ ಮೈಲಾರಲಿಂಗಪ್ಪ ತನ್ನ ಹೆಸರಿನ ಮೇಲೆ ಬೆರಳಿಟ್ಟು ಹೊತ್ತನ್ನು ಎರಡು ಸಲ ಓದಿಸಿಕೊಂಡು ಹೋದ.

“ಶನಿವಾರತನಕ ಯಾಕ ಕಾಯಬೇಕು ಹಂಪಕ್ಕ? ಬದಲಾದ ದಿನಾನ ಪ್ರತಿ ಮಾಡು. ಬಸ್ಸಿನ ಖರ್ಚು ಸಂಘದ್ದು,” ಎಂದರು ತಿಪ್ಪೇರುದ್ರಪ್ಪ.

ಓದುವ ಬಂಧುಗಳೇ, ನಿಮ್ಮ ಸಂಘಕ್ಕೂ ಕಂಪ್ಯೂಟರ್ ಬಂದಿರಬಹುದು. ಎಲ್ಲ ಮಷೀನಿನ ರೀತಿ ಒಂದೇ ಅಲ್ಲ, ಬಲ್ಲವರನ್ನು ಕೇಳಿ. ಆದರೆ ಇಷ್ಟು ಇವತ್ತೇ ಮಾಡಿ: ಪೂರ್ತಿ ಪ್ರತಿಯೊಂದನ್ನು ಇಳಿಸಿ, ಅದರಿಂದ ಮಷೀನು ಏಳುತ್ತದೆಯೇ ಎಂದು ಒಮ್ಮೆ ನೋಡಿ, ಬೇರೆ ಸೂರಿನಡಿ ಇಡಿ. ಕೆಟ್ಟ ದಿನ ಬಂದರೂ ನಿಮ್ಮೂರಿನ ಕೊನೆಯ ಹೊಲಕ್ಕೆ ನೀರು ತಪ್ಪದಿರಲಿ.